ಸೇಸಪ್ಪಣ್ಣನ ರಿಹರ್ಸಲ್

ಹಾಡು ನಡೆಯುತ್ತಿರುವಾಗ ಸೇಸಪ್ಪಣ್ಣ ಕೂತದ್ದನ್ನು ಯಾರೂ ಕಂಡಿಲ್ಲ. ಮಸ್ಕತ್ತಿನ ವಾದಿ ಅದಾಯ್ ಬಡಾವಣೆಯ ಟಯರ್ ಅಂಗಡಿಯ ಮೇಲಿನ ಅವರ ರೆಕಾರ್ಡಿಂಗ್ ಕೋಣೆಯಲ್ಲಿ ಒಳ್ಳೆಯದೊಂದು ತಿರುಗುಕುರ್ಚಿ ಇದೆ. ಅದರ ಮೇಲೆ ಕಾರಿನ ಕೀ, ಬೆವರೊರೆಸುವ ಬೈರಾಸು, ಹೆಂಡತಿ ಹರಿಣಾಕ್ಷಿ ಕಟ್ಟಿಕೊಟ್ಟ ಬುತ್ತಿ ಕೂತಿರುತ್ತವೆ. ಅವರು ಮಾತ್ರ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ವಯರ್ ಎಳೆದಷ್ಟು ದೂರ, ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಅತ್ತಿಂದಿತ್ತ ನಡೆಯುತ್ತಲೇ ಇರುತ್ತಾರೆ.

ಪುತ್ತೂರಿನಿಂದ ಅವರು ಮಸ್ಕತ್ತಿಗೆ ಬಂದದ್ದು ಎ.ಸಿ. ಮೆಕ್ಯಾನಿಕ್ ಆಗಿ. ಅಲ್ ಅಜೈಬಾದ ವಿಲ್ಲಾವೊಂದಕ್ಕೆ ರಿಪೇರಿಗೆ ಹೋದಾಗ ಅಲ್ಲಿದ್ದ ಮುದುಕ ಇಂಗ್ಲಿಷ್ ಸಾಹೇಬರು, ಆರ್ಥರ್ ಕೆಂಬಲ್, ತಂಪು ಬಾರದಿದ್ದರೂ ಅಡ್ಡಿಯಿಲ್ಲ, ಸದ್ದು ಬರಬಾರದು ಎಂದರಂತೆ. ಲಂಡನ್ನಿನಲ್ಲಿ ಬದುಕಿಡೀ ಬೇರೆಯವರ ಹಾಡುಗಳನ್ನು ರೆಕಾರ್ಡ್ ಮಾಡಿಸಿ, ಆ ಊರು ಸಾಕೆನಿಸಿ ಬಂದು ಕೂತ ಮನುಷ್ಯ. ಅವರು ಮಾಡಿಸಿದ ಹಾಡು ಕೇಳಿ ಎಷ್ಟೋ ಹುಡುಗರು ಗಿಟಾರ್ ಹಿಡಿದರು ಎಂಬುದು ಸೇಸಪ್ಪಣ್ಣನಿಗೆ ತಿಳಿದದ್ದು ಬಹಳ ತಡವಾಗಿ. ರಜೆಯ ದಿನಗಳಲ್ಲಿ ಸಾಹೇಬರಿಗೆ ಮೈಕು ಹಿಡಿದುಕೊಡುತ್ತ, ವಯರ್ ಸುತ್ತುತ್ತ ಕೆಲಸ ಕಲಿತರು. ಸಾಹೇಬರು ಹೇಳಿಕೊಟ್ಟ ದೊಡ್ಡ ಗುಟ್ಟು ಒಂದೇ: ಹಾಡುವವರಿಗೆ ರೆಕಾರ್ಡಿಂಗಿನ ಕೆಂಪು ದೀಪ ತೋರಿಸಬೇಡ. ರಿಹರ್ಸಲ್ ಎಂದು ಹೇಳು, ಸದ್ದಿಲ್ಲದೆ ರೆಕಾರ್ಡ್ ಮಾಡು.

ಸಾಹೇಬರು ತೀರಿಕೊಂಡ ಮೇಲೆ ಅವರ ಮೈಕಿನ ಜೊತೆ ಈ ಉಪಾಯವೂ ಸೇಸಪ್ಪಣ್ಣನ ಪಾಲಿಗೆ ಬಂತು. ಆಫೀಸಿನ ಲೆಕ್ಕದವರು, ನರ್ಸಮ್ಮಂದಿರು, ಟ್ಯಾಕ್ಸಿ ಓಡಿಸುವವರು ಎಲ್ಲರೂ "ಸುಮ್ಮನೆ ಒಮ್ಮೆ ಹಾಡಿ ನೋಡುವ" ಎಂಬ ಮಾತಿಗೆ ಮರುಳಾಗಿ ಸ್ನಾನದ ಮನೆಯಲ್ಲಿ ಹಾಡಿದಂತೆ ಹಾಡಿಬಿಟ್ಟರು. ಆ ಹಾಡುಗಳು ಫೋನಿಂದ ಫೋನಿಗೆ ಊರಿನ ತನಕ ಹೋದವು. ಆದರೆ ಉಪಾಯ ಒಬ್ಬರಿಗೆ ಒಂದೇ ಸಲ. ಎರಡನೆಯ ಸಲ ಬಂದವರು ರಿಹರ್ಸಲ್ ಎಂಬ ಮಾತು ಕೇಳಿದರೇ ಸಾಕು, ಶಾಲೆಯ ಪ್ರಾರ್ಥನೆಗೆ ನಿಂತವರಂತೆ ನೆಟ್ಟಗಾಗುತ್ತಿದ್ದರು. ಹಾಗಾಗಿ ಸೇಸಪ್ಪಣ್ಣನಿಗೆ ಯಾವಾಗಲೂ ಹೊಸ ಗಂಟಲು ಬೇಕು. ಹುಟ್ಟುಹಬ್ಬಕ್ಕೆ ಹೋದರೆ ಕೇಕಿನ ಕಡೆ ನೋಡದೆ, ಪಾತ್ರೆ ತೊಳೆಯುತ್ತ ಯಾರು ಗುನುಗುತ್ತಾರೆಂದು ಅಡುಗೆಮನೆಯ ಬಾಗಿಲಲ್ಲಿ ಸುಳಿದಾಡುತ್ತಿದ್ದರು.

ಮಾಧುರಿ ಸಿಕ್ಕಿದ್ದು ಹಾಗೆಯೇ. ಬಾಗಲಕೋಟೆ ಕಡೆಯ ಹುಡುಗಿ. ಆಕೆಯ ಮೊದಲ ಹಾಡು ಅಲ್ ಅಮೇರಾತ್‌ನ ಕನ್ನಡದ ಮನೆಗಳಲ್ಲೆಲ್ಲ ಓಡಿತ್ತು. ಈಗ ತನ್ನ ಕೂಸಿಗೆಂದು ತಾನೇ ಒಂದು ಜೋಗುಳ ಕಟ್ಟಿದ್ದಳು. ಗಂಡ ಬಸವಪ್ರಭುವಿನ ಕಂಪನಿ ಕೆಲಸ ಮುಗಿದಿತ್ತು, ನಾಳೆಯೇ ಊರಿಗೆ ವಿಮಾನ. ಇವತ್ತು ಆಗದಿದ್ದರೆ ಆ ಜೋಗುಳ ಈ ಕೋಣೆಗೆ ಇನ್ನಿಲ್ಲ.

ಶುಕ್ರವಾರದ ರಜೆ, ಕೆಳಗಿನ ಅಂಗಡಿ ಮುಚ್ಚಿತ್ತು. ಸದ್ದಾಗಬಾರದೆಂದು ಎ.ಸಿ., ಫ್ರಿಜ್ ಎರಡೂ ಬಂದ್. ಕೋಣೆ ಕಾದ ಕಾವಲಿಯಾಗಿತ್ತು. ಹೊರಗಿನ ಕೋಣೆಯಲ್ಲಿ ಹರಿಣಾಕ್ಷಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಗಾಳಿ ಬೀಸುತ್ತಿದ್ದರು. ಮಾಧುರಿ ಹಾಡಿದಳು. ಶ್ರುತಿ ಸರಿ, ತಾಳ ಸರಿ, ಜೀವ ಇಲ್ಲ. ಮತ್ತೆ ಹಾಡಿದಳು. ಅಷ್ಟೇ. ಸೇಸಪ್ಪಣ್ಣನ ನಡಿಗೆ ಬಿರುಸಾಯಿತು.

"ಇದು ಬರೀ ರಿಹರ್ಸಲ್ ಮಾರಾಯ್ತಿ, ಹೆದರುವುದು ಎಂತಕ್ಕೆ?"

"ಹ್ವಾದ ಸಲಾನೂ ಹಿಂಗ ಅಂದು ಇಡೀ ಮಸ್ಕತ್ತಿಗೆ ಕೇಳಿಸಿದ್ರಿ, ಅಣ್ಣಾರ. ನೀವು ರಿಹರ್ಸಲ್ ಅಂದ್ರ ಸಾಕು, ನನ್ನ ಗಂಟಲಾ ಬಿಗೀತೈತಿ."

ಹೊರಗಿನಿಂದ ಹರಿಣಾಕ್ಷಿಯ ದನಿ: "ಅವರ ರಿಹರ್ಸಲ್ ನಂಬುವವರು ಈ ಊರಲ್ಲಿ ಯಾರೂ ಉಳಿದಿಲ್ಲ ಮಗಾ!"

ಅಷ್ಟರಲ್ಲಿ ಪಕ್ಕದ ಮಸೀದಿಯಿಂದ ಅಸರ್ ನಮಾಜಿನ ಬಾಂಗ್ ಕೇಳಿಸಿತು. ಅದು ಮುಗಿಯುವುದರೊಳಗೆ ಇಬ್ಬರೂ ಬೆವರೊರೆಸಿಕೊಂಡರು. ಬಾಂಗ್ ನಿಂತಾಗ ಸೇಸಪ್ಪಣ್ಣ ಮೈಕಿನ ಬುಡಕ್ಕೆ ಬಗ್ಗಿ ವಯರನ್ನು ಕಿತ್ತರು. ಕಿತ್ತ ತುದಿಯನ್ನು ಮಾಧುರಿಯ ಕೈಗೆ ಕೊಟ್ಟರು.

"ಹಿಡ್ಕೊಳ್ಳಿ. ಈಗಾದರೂ ನಂಬಿಕೆ ಉಂಟಾ?"

ಆಕೆ ವಯರ್ ತುದಿಯನ್ನು ತಿರುಗಿಸಿ ನೋಡಿದಳು. ನಕ್ಕಳು. ಅದನ್ನೇ ತೊಟ್ಟಿಲ ಹಗ್ಗದಂತೆ ತೂಗುತ್ತ ಹಾಡತೊಡಗಿದಳು. ಹೆಡ್‌ಫೋನಿನಲ್ಲಿ ಏನೂ ಇಲ್ಲದ್ದರಿಂದ ಸೇಸಪ್ಪಣ್ಣ ಅದನ್ನು ಕಳಚಿ ಬರಿಗಿವಿಯಲ್ಲಿ ಕೇಳಿದರು. ಮನೆಯಲ್ಲಿ, ಮಗು ಕಣ್ಣು ಮುಚ್ಚುವ ಹೊತ್ತಿಗೆ ಬರುವ ದನಿ ಅದು. ಅವರ ಬೆರಳು ತಾನಾಗಿಯೇ ಮೇಜಿನ ರೆಕಾರ್ಡ್ ಗುಂಡಿಯ ಕಡೆ ಹೋಯಿತು. ಪ್ರಯೋಜನವಿಲ್ಲವೆಂದು ನೆನಪಾಗಿ ಹಿಂದೆ ಬಂತು. ಹಾಡು ಮುಗಿಯಿತು.

"ಖಲಾಸ್," ಎಂದರು ಸೇಸಪ್ಪಣ್ಣ. "ಇಷ್ಟು ವರ್ಷದಲ್ಲಿ ಇಂಥದ್ದು ಕೇಳಲಿಲ್ಲ. ಹೋಯ್ತು."

"ಎಲ್ಲಿ ಹೋಕ್ಕೈತ್ರಿ? ನನ್ನ ಹಾಡು ನನ್ನ ಹಂತ್ಯಾಕ ಐತಿ." ಮಾಧುರಿ ಕೂತು ತಾನೇ ವಯರನ್ನು ಮೈಕಿಗೆ ಸಿಕ್ಕಿಸಿದಳು. "ಆ ಕೆಂಪು ಲೈಟ್ ಹಚ್ರಿ. ಹೇಳಿ ಮಾಡ್ರಿ ಈ ಸಲ."

ಇಷ್ಟು ವರ್ಷ ಹಚ್ಚದ ದೀಪ ಹತ್ತೀತೋ ಇಲ್ಲವೋ ಎಂಬ ಅನುಮಾನ ಅವರಿಗೆ. ಧೂಳು ಒರೆಸಿ ಸ್ವಿಚ್ ಒತ್ತಿದರು; ಹತ್ತಿತು. ಅದನ್ನೇ ನೋಡುತ್ತ ಮಾಧುರಿ ಹಾಡಿದಳು. ಎರಡನೆಯ ಸಾಲಿನಲ್ಲಿ ದನಿ ಸ್ವಲ್ಪ ನಡುಗಿತು. ಹಿಂದಿನ ಹಾಡಿನಷ್ಟು ಇದು ಇರಲಿಲ್ಲ, ಅದು ಅವರಿಗೂ ಗೊತ್ತು. ಆದರೂ ತಡೆಯಲಿಲ್ಲ. ಕೀ, ಬೈರಾಸು, ಬುತ್ತಿಯನ್ನು ಮೆಲ್ಲನೆ ನೆಲಕ್ಕಿಳಿಸಿ, ಸದ್ದಾಗದಂತೆ ಕುರ್ಚಿಯಲ್ಲಿ ಕೂತರು.

ಬಾಗಿಲ ಸಂದಿಯಲ್ಲಿ ಇಣುಕಿದ ಹರಿಣಾಕ್ಷಿಗೆ ಗಾಬರಿ.

"ಎಂತ, ಕೂತದ್ದು? ಮೈ ಸರಿ ಇಲ್ಲವಾ?"

ಸೇಸಪ್ಪಣ್ಣ ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಲ್ಲಿ ದೀಪ ತೋರಿಸಿದರು.