ಹೊಲಿಗೆ ಅಂಗಡಿಯ ಮೀನಿನ ತೊಟ್ಟಿ

ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಹೊಲಿಗೆ ಅಂಗಡಿಯಿದೆ, ಅದರ ಹಿಂದೆಯೇ ಮನೆ. ನಾನು ಹೊಲಿದ ರವಿಕೆ ಕಂಕುಳಲ್ಲಿ ಹಿಡಿಯುತ್ತದೆ ಎಂದು ಯಾರಾದರೂ ವಾಪಸು ಬಂದಿದ್ದರೆ, ಅವರು ಅಳತೆ ಕೊಟ್ಟ ಮೇಲೆ ದಪ್ಪಗಾದವರು. ಹಿಡಿದ ಕೆಲಸ ನಾನು ಬಿಡುವವಳಲ್ಲ. ಹಾಗಾಗಿ ಅತ್ತೆಗಾಗಿ ಮೀನು ಸಾಕಬೇಕು ಎಂದು ನನಗನ್ನಿಸಿದ ದಿನ, ಇದು ನನ್ನಿಂದ ಆಗುತ್ತದೋ ಇಲ್ಲವೋ ಎಂದು ಒಂದು ಗಳಿಗೆಯೂ ಯೋಚಿಸಲಿಲ್ಲ.

ಅತ್ತೆ ಅಂಗಡಿಯಲ್ಲಿ ನನ್ನ ಜೊತೆಗೇ ಕೂತು ಹುಕ್ಕು ಹಾಕುತ್ತಾರೆ, ಸೀರೆಗೆ ಫಾಲ್ಸ್ ಹಚ್ಚುತ್ತಾರೆ. ಮೊದಲೆಲ್ಲ ಬಿಡುವಾದಾಗ ಬಸ್ಸು ಹತ್ತಿ ಶೃಂಗೇರಿಗೆ ಹೋಗಿ, ಹೊಳೆಯ ಮೆಟ್ಟಿಲಿಳಿದು ಮೀನಿಗೆ ಮಂಡಕ್ಕಿ ಹಾಕಿ ಬರುತ್ತಿದ್ದರು. ದೇವರಿಗೆ ಕೈಮುಗಿಯುವುದು ಆಮೇಲೆ. "ನನ್ನ ಕೈಗೆ ಬಾಯಿ ತಾಗಿಸಿಯೇ ತಿಂತಾವೆ ಮಾರಾಯ್ತಿ, ಚೂರೂ ಹೆದ್ರಿಕೆ ಇಲ್ಲ" ಎಂದು ಬಂದ ಗಿರಾಕಿಗಳಿಗೆಲ್ಲ ಹೇಳಿದ್ದೇ ಹೇಳಿದ್ದು. ಮಂಡಿ ಸವೆದು ಡಾಕ್ಟರು ಮೆಟ್ಟಿಲು ಇಳಿಯಬೇಡಿ ಅಂದ ಮೇಲೆ ಆ ಮಾತು ನಿಂತಿತು. ಅತ್ತೆ ಸುಮ್ಮನಿರುವುದೆಂದರೆ ನನಗೆ ಮಿಷನ್ನಿನ ಸದ್ದು ನಿಂತಷ್ಟೇ ಗಾಬರಿ.

ಅಂಗಡಿಯ ಗಾಜಿನ ಬಾಗಿಲ ಪಕ್ಕ ಸೀರೆ ಉಡಿಸಿದ ಗೊಂಬೆಯೊಂದು ನಿಂತಿತ್ತು. ಅದನ್ನು ಅಟ್ಟಕ್ಕೆ ಹತ್ತಿಸಿ, ಆ ಜಾಗದಲ್ಲಿ ಗಾಜಿನ ತೊಟ್ಟಿ ಇಟ್ಟೆ. ಬರೀ ಬಣ್ಣದ ಕಲ್ಲು ಸುರಿದು ಪ್ಲಾಸ್ಟಿಕ್ ಗಿಡ ನೆಟ್ಟು, ಗುಳ್ಳೆ ಬಿಡುವ ಕಪ್ಪೆ ಕೂರಿಸುವ ತೊಟ್ಟಿಯಲ್ಲ ನನ್ನದು. ಜೀವ ಇರುವ ಗಿಡ, ಅದರ ನಡುವೆ ಜಗಳವಾಡದೆ ಕೂಡಿ ಬಾಳುವ ಸಣ್ಣ ಮೀನು, ಕೆಳಗೆ ಪಾಚಿ ಮೇಯುವ ಕೆಂಪು ಸೀಗಡಿ. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಎಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ಇಲ್ಲೇ ಹತ್ತಿರದ ನಾರ್ವೆ ಎಂಬ ಹಳ್ಳಿಯ ನನ್ನ ತವರಿನಿಂದ ಗದ್ದೆ ಮಣ್ಣು ತಂದು ಜರಡಿ ಹಿಡಿದು ಅಡಿಗೆ ಹಾಸಿದೆ, ಮೇಲೆ ತೊಳೆದ ಹೊಳೆ ಮರಳು. ನರಸಿಂಹರಾಜಪುರಕ್ಕೆ ಕೊಟ್ಟ ನನ್ನ ಅಕ್ಕ, ಹಿನ್ನೀರು ಇಳಿದಾಗ ದಡದಲ್ಲಿ ಸಿಕ್ಕಿದ ಮರದ ಬೇರೊಂದನ್ನು ಕಳಿಸಿದಳು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹಾಕಿ ಕುದಿಸಿದರೆ ಕಾಫಿ ಡಿಕಾಕ್ಷನ್ನಿನ ಹಾಗೆ ಬಣ್ಣ ಬಿಟ್ಟಿತು. ಗಿಡಗಳು ಶಿವಮೊಗ್ಗದಿಂದ ಬಂದವು. ಮೊಣಕೈವರೆಗೆ ಕೆಸರು ಮಾಡಿಕೊಂಡು ಒಂದೊಂದನ್ನೇ ನೆಡುತ್ತಿದ್ದರೆ, ಗೂಡ್ಸ್ ಆಟೋ ಓಡಿಸುವ ನನ್ನ ಗಂಡ ಬಾಗಿಲಲ್ಲಿ ನಿಂತು, "ಕೊಪ್ಪದಲ್ಲಿ ನಾಟಿ ಶುರುವಾಯ್ತು ನೋಡಿ" ಎಂದು ರಸ್ತೆಗೆಲ್ಲ ಕೇಳುವ ಹಾಗೆ ಕೂಗಿದರು.

ಗಿಡ ನೆಟ್ಟ ಕೂಡಲೇ ಮೀನು ಬಿಡುವ ಹಾಗಿಲ್ಲ. ದೋಸೆ ಹಿಟ್ಟು ಹುಳಿ ಬರಲಿ ಎಂದು ಬಿಡುವ ಹಾಗೆ ನೀರನ್ನೂ ಬಿಡಬೇಕು. ಮೀನಿನ ಗಲೀಜು ತಿಂದು ಅರಗಿಸುವ ಕಣ್ಣಿಗೆ ಕಾಣದ ಜೀವಗಳು ಮೊದಲು ಅಲ್ಲಿ ಹುಟ್ಟಬೇಕು. ಈ ಮಾತು ಯಾರಿಗೂ ಪಥ್ಯವಾಗಲಿಲ್ಲ. ಅಳತೆ ಕೊಡಲು ಬಂದವರೆಲ್ಲ ಬಗ್ಗಿ ನೋಡಿ "ಮೀನೆಲ್ಲಿ?" ಅನ್ನುವವರೇ. ಅತ್ತೆಯಂತೂ ನನ್ನೆದುರಿಗೇ, "ಬರೀ ನೀರಿಗೆ ಲೈಟು ಹಾಕಿ ಕೂತಿದಾಳೆ ನಮ್ಮನೆ ಸೊಸೆ" ಎಂದು ನಗೆಯಾಡಿದರು. ನಗಲಿ ಬಿಡಿ, ಅವರು ನಕ್ಕು ಎಷ್ಟು ಕಾಲವಾಗಿತ್ತು!

ಕೊನೆಗೆ ಮೀನು ಬಂದವು. ನೀಲಿ ಗೆರೆಯ ಟೆಟ್ರಾ ಮೀನುಗಳು ಗಿಡದ ಸಂದಿಯಲ್ಲಿ ಒಟ್ಟೊಟ್ಟಿಗೆ ತಿರುಗಿದವು, ಸೀಗಡಿಗಳು ಹಿನ್ನೀರಿನ ಬೇರಿನ ಮೇಲೆ ಕೂತು ಎರಡೂ ಕೈಯಲ್ಲಿ ಪಾಚಿ ಕಿತ್ತು ಬಾಯಿಗಿಟ್ಟುಕೊಂಡವು. ಅಂಗಡಿಗೆ ಬಂದವರು ರವಿಕೆ ಮರೆತು ನಿಂತರು. ಅತ್ತೆ ಗಾಜಿಗೆ ಬೆರಳಿಟ್ಟರು. ಟೆಟ್ರಾಗಳು ಪುರ್ರನೆ ಗಿಡದೊಳಗೆ ಹೊಕ್ಕವು.

"ಚಂದ ಇದಾವೆ," ಎಂದರು ಅತ್ತೆ. ಆಮೇಲೆ ಮೆಲ್ಲಗೆ, "ಕೈಗೆ ಬರೋ ಜಾತಿ ಅಲ್ಲ" ಎಂದರು.

ಇಷ್ಟೆಲ್ಲ ಮಾಡಿದ್ದು ಯಾರಿಗಾಗಿ? ಆದರೆ ಅತ್ತೆ ತೊಟ್ಟಿಯನ್ನು ಕೈಬಿಡಲಿಲ್ಲ. ಲೈಟಿನ ಶಾಖಕ್ಕೆ ನೀರು ಇಳಿಯುತ್ತಿತ್ತಲ್ಲ, ಇಳಿದಷ್ಟನ್ನು ಬೆಳಿಗ್ಗೆ ತುಂಬಿಸುವ ಕೆಲಸ ತಾವಾಗಿಯೇ ವಹಿಸಿಕೊಂಡರು. ನಾನು ಮನೆಯೊಳಗೆ ತಿಂಡಿ ಮುಗಿಸಿ ಬರುವಷ್ಟರಲ್ಲಿ ನೀರು ಅಂಚಿನವರೆಗೆ ತುಂಬಿರುತ್ತಿತ್ತು.

ಸ್ವಲ್ಪ ದಿನ ಕಳೆದಿರಬೇಕು, ಒಂದು ಸೀಗಡಿ ಮಗ್ಗುಲಾಗಿ ಬಿದ್ದಿತ್ತು. ಮರುದಿನ ಇನ್ನೊಂದು. ಆಮೇಲೆ ಒಂದರ ಹಿಂದೊಂದು. ವಿಚಿತ್ರವೆಂದರೆ ಮೀನಿಗೆ ಏನೂ ಆಗಿರಲಿಲ್ಲ. ನೆಲ ಒರೆಸುವ ಫಿನಾಯಿಲ್ ನಿಲ್ಲಿಸಿದೆ, ಸೊಳ್ಳೆಬತ್ತಿ ಆಚೆ ಎಸೆದೆ. ಗಿರಾಕಿಯೊಬ್ಬಳು ಸೆಂಟು ಹೊಡೆದುಕೊಂಡು ಬಂದಳೆಂದು ಅವಳನ್ನು ದುರುಗುಟ್ಟಿ ನೋಡಿದೆ. ಸತ್ತವನ್ನು ನಾನು ಎತ್ತುವಾಗ ಅತ್ತೆ ಮುಖ ತಿರುಗಿಸಿ, "ದೃಷ್ಟಿಯಾಯ್ತು" ಎಂದು ಗೊಣಗುತ್ತಿದ್ದರು.

ಒಂದು ದಿನ ಬೆಳಿಗ್ಗೆ ತಿಂಡಿ ಬಿಟ್ಟು ಬೇಗ ಅಂಗಡಿಗೆ ಬಂದೆ. ಅತ್ತೆ ತೊಟ್ಟಿಯ ಮುಂದೆ ನಿಂತಿದ್ದರು. ಕೈಯಲ್ಲಿ ತಾಮ್ರದ ಕೊಡ. ಹುಣಸೆಹಣ್ಣು ಹಾಕಿ ತಿಕ್ಕಿ, ರಾತ್ರಿಯಿಡೀ ನೀರು ತುಂಬಿಸಿಟ್ಟ ಕೊಡ. ನಮ್ಮ ಕಡೆ ಅದಕ್ಕಿಂತ ಶುದ್ಧವಾದ ನೀರಿಲ್ಲ. ದೇವರಿಗೆ ಅದೇ, ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಗೆ ನಾವು ಕುಡಿಯುವುದೂ ಅದೇ. ಬಾಯಲ್ಲಿ ಏನೋ ಸ್ತೋತ್ರ ಹೇಳಿಕೊಳ್ಳುತ್ತಾ, ಗಿಡ ಅಲುಗದ ಹಾಗೆ ಸಣ್ಣಗೆ ಸುರಿಯುತ್ತಿದ್ದರು.

ನನಗೆ ನಾರ್ವೆಯ ಹಳ್ಳ ನೆನಪಾಯಿತು. ಮಳೆಗಾಲದಲ್ಲಿ ಅಡಿಕೆಗೆ ಮೈಲುತುತ್ತದ ಔಷಧಿ ಹೊಡೆದು ಡ್ರಮ್ಮು ತೊಳೆದರೆ, ಹಳ್ಳದಲ್ಲಿ ಮೊದಲು ಕಾಣೆಯಾಗುತ್ತಿದ್ದದ್ದು ಸೀಗಡಿ. ಮೈಲುತುತ್ತವೆಂದರೂ ತಾಮ್ರವೇ. ನಮಗೆ ಅಮೃತವಾದದ್ದು ಅವಕ್ಕೆ ವಿಷ.

ಹೇಳುವುದೋ ಬೇಡವೋ? ಗುಟ್ಟಾಗಿ ಕೊಡ ಬದಲಿಸಿಬಿಡಬಹುದಿತ್ತು. ಆದರೆ ಅತ್ತೆಗೆ ಗೊತ್ತಾಗದ ಹಾಗೆ ಏನಾದರೂ ಮಾಡಿದ ಸೊಸೆ ಕೊಪ್ಪದಲ್ಲಿ ಇನ್ನೂ ಹುಟ್ಟಿಲ್ಲ. ಕೈಹಿಡಿದು ಕೂರಿಸಿ ಹೇಳಿಯೇ ಬಿಟ್ಟೆ. "ಅತ್ತೆ, ಸೀಗಡಿಗೆ ತಾಮ್ರ ಆಗೋದಿಲ್ಲ. ಇದು ನಿಮಗೂ ಗೊತ್ತಿರಲಿಲ್ಲ, ನನಗೂ ಹೊಳೆದಿರಲಿಲ್ಲ."

ಅವರು ಕೊಡವನ್ನೇ ನೋಡುತ್ತಾ ಕೂತರು. "ಪುಣ್ಯ ಮಾಡ್ತೀನಿ ಅಂತ ಹೋಗಿ ಎಂಥ ಮಾಡಿದೆ ಮಾರಾಯ್ತಿ," ಎಂದರು. ಅವತ್ತೇ ತಮ್ಮ ಕುರ್ಚಿ ತಿರುಗಿಸಿ, ತೊಟ್ಟಿಗೆ ಬೆನ್ನು ಹಾಕಿ ಕೂತರು. ಹುಕ್ಕು ಹಾಕುವುದು ನಡೆಯಿತು, ಮಾತು ಮತ್ತೆ ನಿಂತಿತು. ಗಿರಾಕಿಗಳು ಮೀನಿನ ಸುದ್ದಿ ಎತ್ತಿದರೆ ಎದ್ದು ಒಳಗೆ ಹೋಗುತ್ತಿದ್ದರು.

ನನಗೆ ಸಿಟ್ಟು ಬಂತು. ಅತ್ತೆಯ ಮೇಲಲ್ಲ, ಸೋಲುವುದರ ಮೇಲೆ. ಬಾವಿಯಿಂದ ಪ್ಲಾಸ್ಟಿಕ್ ಬಕೆಟಿನಲ್ಲಿ ನೀರು ಹೊತ್ತು, ತೊಟ್ಟಿಯ ಹಳೆ ನೀರನ್ನು ದಿನಾ ಸ್ವಲ್ಪ ಸ್ವಲ್ಪ ತೆಗೆದು ಹೊಸತು ತುಂಬಿದೆ. ಮದುವೆ ಸೀಸನ್ನಿನ ರವಿಕೆ ರಾಶಿ ಬಿದ್ದಿತ್ತು, ಬೀಳಲಿ ಎಂದೆ. ಉಳಿದ ಬೆರಳೆಣಿಕೆಯ ಸೀಗಡಿಗಳು ಬೇರಿನಡಿಗೆ ಅಡಗಿದ್ದವು. ಸಾವು ನಿಂತಿತು. ಗಿಡ ದಟ್ಟವಾಯಿತು. ಒಂದು ಮಧ್ಯಾಹ್ನ ನೋಡುತ್ತೇನೆ, ಒಂದು ಸೀಗಡಿಯ ಹೊಟ್ಟೆಯಡಿ ಸಾಸಿವೆಗಿಂತ ಸಣ್ಣ ಮೊಟ್ಟೆಗಳ ಗೊಂಚಲು.

"ಅತ್ತೆ, ಬಸುರಿ ಇದಾಳೆ, ಬಂದು ನೋಡಿ."

"ನಂಗೆ ಬೇಡ."

"ಬಸುರಿಯನ್ನ ನೋಡೋದಿಲ್ಲ ಅನ್ನೋರು ನೀವೊಬ್ರೇ. ಏಳಿ ಅತ್ತೆ!"

ನನ್ನ ದನಿಗೆ ಬೆದರಿಯೋ ಕುತೂಹಲಕ್ಕೋ ಎದ್ದು ಬಂದರು. ನೋಡಿದರು, ತುಂಬ ಹೊತ್ತು ನೋಡಿದರು. ಸೋಪು ತಾಗಿಸದೆ ಅವರ ಕೈಯನ್ನು ಬರೀ ನೀರಿನಲ್ಲಿ ತೊಳೆದು, ತೊಟ್ಟಿಗೆ ಇಳಿಸಿ ಎಂದೆ. "ನನ್ನ ಕೈ ಬೇಡ" ಎಂದು ಹಿಂದೆ ಎಳೆದುಕೊಂಡರು. ನಾನು ಬಿಡಲಿಲ್ಲ. ಮೊಣಕೈ ಹಿಡಿದು ಇಳಿಸಿದೆ. ಟೆಟ್ರಾಗಳು ಎಂದಿನಂತೆ ಓಡಿಹೋದವು. ಅತ್ತೆ ಉಸಿರು ಬಿಗಿಹಿಡಿದು ನಿಂತರು.

ಬೇರಿನ ಹಿಂದಿನಿಂದ ಒಂದು ಸೀಗಡಿ ಬಂತು. ಮೀಸೆಯಾಡಿಸಿ ತೋರುಬೆರಳು ಮುಟ್ಟಿ ನೋಡಿತು, ಹತ್ತಿ ಕೂತು ಉಗುರಿನ ಸಂದಿಯನ್ನು ಕೆದಕತೊಡಗಿತು. ಇನ್ನೊಂದು ಬಂತು. ಕೊನೆಗೆ ಆ ಬಸುರಿಯೂ ಬಂದಳು.

"ಬಾಯಿ ತಾಗಿಸ್ತಾವಲ್ಲೇ," ಎಂದರು ಅತ್ತೆ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಯೋಚನೆಯೂ ಇರಲಿಲ್ಲ.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಗಿರಾಕಿಯೊಬ್ಬರು ಬಂದು, "ಅಮ್ಮ, ನನ್ನ ರವಿಕೆಗೆ ಹುಕ್ಕು ಹಾಕಿ ಆಯ್ತಾ? ನಾಳೆ ಮದುವೆಗೆ ಹೋಗ್ಬೇಕು" ಎಂದು ಕೇಳಿದರು.

ಅತ್ತೆ ತಿರುಗಿಯೂ ನೋಡಲಿಲ್ಲ. "ಸ್ವಲ್ಪ ತಡಿ ಮಾರಾಯ್ತಿ," ಎಂದರು, "ಈಗ ಕೈ ಬಿಡುವಿಲ್ಲ."