ಕೋರಿ ಗಸಿಗೆ ಬಿದ್ದ ಖರ್ಜೂರದ ಬೀಜ

ಕಳೆದ ಶುಕ್ರವಾರ ಮಧ್ಯಾಹ್ನ ನನ್ನ ಹೆಂಡತಿಯ ಕೊರಳ ಹಾರದಿಂದ ಒಂದು ಖರ್ಜೂರದ ಬೀಜ ಕಳಚಿ, ಸಂಬಂಧ ಕೇಳಲು ಬಂದ ಹುಡುಗನ ಊಟದ ತಟ್ಟೆಗೆ ಬಿತ್ತು.

ಬಿದ್ದದ್ದು ಖಂಡಿತ. ಆಮೇಲೆ ಆ ಹುಡುಗ ಏನು ಮಾಡಿದ ಎಂಬುದರಲ್ಲಿ ಮಾತ್ರ ನಮ್ಮ ಮನೆಯಲ್ಲಿ ಎರಡು ಪಕ್ಷ.

ಸರೋಜಳ ಹವ್ಯಾಸದ ಬಗ್ಗೆ ನಿಮಗೆ ಹಿಂದೆ ಹೇಳಿದ್ದೇನೆಯೇ? ಹೇಳಿದ್ದೀರಿ ಎನ್ನುತ್ತಾಳೆ ಅವಳು. ಇಲ್ಲ ಎಂದು ನನ್ನ ನೆನಪು. (ಎಂ.ಎಸ್ಸಿ. ಓದಿದ್ದರಲ್ಲಿ ನನಗೆ ಉಳಿದದ್ದು ಒಂದೇ: ಪುರಾವೆ ಇಲ್ಲದೆ ಯಾರನ್ನೂ ನಂಬಬಾರದು. ನನ್ನನ್ನೂ ಸೇರಿಸಿ.) ಇರಲಿ, ಇನ್ನೊಮ್ಮೆ ಕೇಳಿ.

ನಾವಿರುವ ಈ ಒಮಾನಿನ ನಿಜ್ವಾದಲ್ಲಿ ಬೇರೆಯವರು ಎಸೆದದ್ದೆಲ್ಲ ನಮ್ಮ ಮನೆಗೆ ಬರುತ್ತದೆ. ಸುಟ್ಟುಹೋದ ಏಸಿ ಮೋಟಾರಿನ ತಾಮ್ರದ ತಂತಿ. ಸೂಕ್‌ನಲ್ಲಿ, ಅಂದರೆ ಇಲ್ಲಿನ ಪೇಟೆಯಲ್ಲಿ, ಸಿಕ್ಕುವ ಹಳೆಯ ಬೆಳ್ಳಿ ಒಡವೆಗಳ ಮುರುಕು. ಸೀರೆಯ ಅಂಚು, ಕೈಗಡಿಯಾರದ ಹಲ್ಲಿನ ಚಕ್ರ, ಖರ್ಜೂರದ ಬೀಜ. ಬೀಜವನ್ನು ನೆನೆಸಿ, ಉಜ್ಜಿ, ಎಣ್ಣೆ ಸವರಿ, ತಾಮ್ರದ ಸುರುಳಿಗೆ ಅಂಟಿಸಿದರೆ ಸರೋಜಳ ಪ್ರಕಾರ ಅದು ಒಡವೆ. ಮಿಕ್ಕಿದ್ದರಲ್ಲಿ ಗೊಂಬೆ. ಕರಿಮೆಣಸಿನ ಕಣ್ಣು, ಖರ್ಜೂರದ ನಾರಿನ ಗಡ್ಡದ ಒಮಾನಿ ಅಜ್ಜ ನಮ್ಮ ಟಿವಿಯ ಮೇಲಿದ್ದಾನೆ. ಅವನ ಪಕ್ಕ ಬುಟ್ಟಿ ಹೊತ್ತ ಮಲ್ಪೆಯ ಮೀನಿನ ಹೆಂಗಸು. ಇಬ್ಬರ ನಡುವೆ ಸಂಬಂಧ ಚೆನ್ನಾಗಿದೆ.

ಈ ಹುಚ್ಚು ಶುರುವಾದದ್ದು ಸರೋಜಳಿಂದಲ್ಲ, ಉಡುಪಿಯಲ್ಲಿರುವ ಅವಳ ತಂಗಿ ಶೈಲಾಳಿಂದ. ಕಳೆದ ಶುಕ್ರವಾರ ಸಂಬಂಧ ಕೇಳಲು ಬಂದದ್ದು ಅವಳಿಗೇ. ಮೂವತ್ತರ ಹತ್ತಿರ ಬಂದವಳು, ಹಲವು ಫೋಟೋಗಳಿಗೆ ಬೇಡ ಅಂದವಳು. ಈ ಸಲ ಅವಳೇ ಹೇಳಿದ್ದಳು, "ಫೋಟೋ ನೋಡಿ ನಾನು ಏನನ್ನೂ ಹೇಳುವುದಿಲ್ಲ. ಅಕ್ಕ, ಭಾವ ನೋಡಿ ಹೇಳಲಿ."

ಹುಡುಗ ದಿನೇಶ, ಇಲ್ಲಿಯೇ ರುಸೈಲ್‌ನ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಊರಿಗೆ ಹೋಗಲು ರಜೆ ಸಿಗಲು ಇನ್ನೂ ಕಾಲವಿದೆ. ಗಲ್ಫಿನಲ್ಲಿ ಅದಕ್ಕೆ ನಮ್ಮವರ ಉಪಾಯ ಉಂಟು. ಹುಡುಗಿಯನ್ನು ಆಮೇಲೆ ನೋಡಿದರಾಯಿತು, ಮೊದಲು ಇಲ್ಲಿರುವ ಅವಳ ಅಕ್ಕನ ಸಂಸಾರ ನೋಡುವುದು. ಸಂಸಾರ ನೋಡುವುದೆಂದರೇನು? ಅಕ್ಕನ ಕುತ್ತಿಗೆ ನೋಡುವುದು. ಗಲ್ಫಿನ ಗಂಡನ ಕೆಲಸ ಗಟ್ಟಿಯೋ ಅಲ್ಲವೋ ಎಂಬುದು ನಮ್ಮ ಕರಾವಳಿಯವರಿಗೆ ತಿಳಿಯುವುದು ಅಲ್ಲಿಯೇ.

ಆದ್ದರಿಂದ ಬೆಳಿಗ್ಗೆಯೇ ಹೇಳಿದೆ, "ಇವತ್ತೊಂದು ದಿನ ಚಿನ್ನ ಹಾಕು ಮಾರಾಯ್ತಿ."

"ಚಿನ್ನ ಊರಿನ ಬ್ಯಾಂಕಲ್ಲಿ ಉಂಟಲ್ಲ."

"ಪಕ್ಕದ ಮನೆಯ ಫಿಲೋಮಿನಾ ಬಾಯಿಯ ಹತ್ತಿರ ಕೇಳು. ಒಂದು ಊಟದ ಹೊತ್ತಿಗೆ ಕೊಡ್ಲಿಕ್ಕಿಲ್ವಾ?"

ಸರೋಜ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಸಾಲದ ಚಿನ್ನ ತೋರಿಸಿ ತಂಗಿಯನ್ನು ಕೊಡುವುದಾ? ನಾಳೆ ಅವಳು ಅವರ ಮನೆಯಲ್ಲಿ ಕತ್ತರಿ, ಗೋಂದು ಹಿಡಿದು ಕೂತ್ರೆ ಆಗ ಎಂತ ಹೇಳುವುದು? ಈಗಲೇ ನೋಡ್ಲಿ. ಬೇಡಾದ್ರೆ ಈಗಲೇ ಬೇಡ ಹೇಳ್ಲಿ."

ತರ್ಕ ಸರಿಯಾಗಿತ್ತು. ಸರಿಯಾದ ತರ್ಕದಿಂದ ಯಾರ ಮದುವೆ ಆಗಿದೆ ಹೇಳಿ?

ದಿನೇಶ ಬಂದ, ಜೊತೆಗೆ ಅವನ ಅಕ್ಕ ವಸಂತಿ. ವಸಂತಿಯಕ್ಕನ ಮೈಮೇಲೆ ಎರಡು ಸಂಸಾರಗಳಿಗೆ ಸಾಲುವಷ್ಟು ಬಂಗಾರ. ಅವರು ಏನೂ ಕೇಳಲಿಲ್ಲ. ಕೇಳುವುದು ಮರ್ಯಾದೆಯಲ್ಲ. ಆದರೆ ಅವರ ಕಣ್ಣು ಸರೋಜಳ ಹಾರಕ್ಕೆ ಹೋಗಿ, ನನ್ನ ಮುಖಕ್ಕೆ ಬಂದು, ಮತ್ತೆ ಹಾರಕ್ಕೆ ಹೋಗುತ್ತಿತ್ತು. ಪಾಪ, ಇವನ ಕಂಪನಿ ಮುಳುಗಿತೋ ಏನೋ ಎಂಬ ಕರುಣೆ ಅದರಲ್ಲಿತ್ತು. ದಿನೇಶ ಮಾತ್ರ ಕೂತಲ್ಲಿಂದ ಟಿವಿಯ ಮೇಲಿನ ಅಜ್ಜನನ್ನೇ ನೋಡುತ್ತಿದ್ದ. ಮಾತಿಲ್ಲ. ಕೇಳಿದರೆ "ಹೌದು", ಹೆಚ್ಚು ಕೇಳಿದರೆ "ಹೌದು ಹೌದು".

ಊಟಕ್ಕೆ ಕೋರಿ ರೊಟ್ಟಿ, ಅಂದರೆ ಗರಿಗರಿ ಅಕ್ಕಿರೊಟ್ಟಿ, ಕೋಳಿಯ ಗಸಿ. ಸರೋಜ ಬಗ್ಗಿ, ದಿನೇಶನ ರೊಟ್ಟಿಯ ಮೇಲೆ ಕುದಿಯುವ ಗಸಿ ಸುರಿದಳು. ಬಿಸಿ ಹಬೆಗೆ ಗೋಂದು ಸಡಿಲವಾಯಿತು. ಟಪ್.

ಯಾರೂ ಗಮನಿಸಿದಂತೆ ಕಾಣಲಿಲ್ಲ. ಊಟ ನಡೆಯಿತು. ಸ್ವಲ್ಪ ಹೊತ್ತಿಗೆ ವಸಂತಿಯಕ್ಕ ತಮ್ಮನ ತಟ್ಟೆಗೆ ಬಗ್ಗಿ ನೋಡಿದರು. ಅಂಚಿನಲ್ಲಿ ಕೋಳಿಯ ಎಲುಬುಗಳ ಸಾಲು, ಅದರ ನಡುವೆ ಒಂದು ಖರ್ಜೂರದ ಬೀಜ.

"ದಿನೇಶ, ಕೋಳಿಗೆ ಇಂಥಾ ಎಲುಬು ಎಲ್ಲಿರ್ತದೆ ಮಾರಾಯ?" (ತುಳುವಿನಲ್ಲಿ ಹೇಳಿದ್ದು. ಕನ್ನಡಕ್ಕೆ ತರುವಾಗ ಖಾರ ಸ್ವಲ್ಪ ಕಡಿಮೆಯಾಗಿದೆ.)

ದಿನೇಶ ಕೆಂಪಾದ. ನಾನು ನೀರು ಕುಡಿದೆ. ನಮ್ಮ ಮಗಳು ಸ್ಮಿತಾ ಇಂಡಿಯನ್ ಸ್ಕೂಲಿನ ಇಂಗ್ಲಿಷಿನಲ್ಲಿ ಉದ್ಧಾರ ಮಾಡಿದಳು, "ಆಂಟಿ, ದಟ್ ಈಸ್ ಫ್ರಮ್ ಮಮ್ಮೀಸ್ ನೆಕ್ಲೇಸ್!"

ಎಲ್ಲರ ಕಣ್ಣೂ ಹಾರಕ್ಕೆ ಹೋಯಿತು. ಒಂದು ಸುರುಳಿ ಖಾಲಿ.

"ನೀನೇ ಮಾಡಿದ್ದಾ?" ವಸಂತಿಯಕ್ಕ ಕೇಳಿದರು.

"ಹೌದಕ್ಕ."

"ಶೈಲಾಳಿಗೂ ಈ ಹುಚ್ಚು ಉಂಟಾ?"

ನಾನು ಮೇಜಿನ ಕೆಳಗಿಂದ ಸರೋಜಳ ಕಾಲು ಮೆಟ್ಟಲು ನೋಡಿದೆ. ಸಿಕ್ಕಿದ್ದು ಮೇಜಿನ ಕಾಲು.

"ನನಗೆ ಹಿಡಿಸಿದ್ದೇ ಅವಳು," ಎಂದಳು ಸರೋಜ. "ಅವಳದ್ದು ನನ್ನದಕ್ಕಿಂತ ಜಾಸ್ತಿ."

"ಹಾಂ," ಎಂದರು ವಸಂತಿಯಕ್ಕ. ಆ ಹಾಂ ಯಾವ ಕಡೆಯದ್ದು ಎಂದು ತಿಳಿಯಲಿಲ್ಲ. ಕಾರು ಹೋಗುವವರೆಗೂ ತಿಳಿಯಲಿಲ್ಲ. "ಖಲಾಸ್," ಎಂದೆ ನಾನು.

ಸೋಮವಾರ ವಸಂತಿಯಕ್ಕನ ಫೋನ್ ಬಂತು. ಒಪ್ಪಿಗೆಯಂತೆ! "ಗೊಂಬೆ ಮಾಡುವವಳು ಒಂದು ಕಡೆ ಕೂತಿರ್ತಾಳೆ. ನನ್ನ ಹಾಗೆ ದಿನಾ ಗೋಲ್ಡ್ ಸೂಕ್‌ಗೆ ಓಡುವುದಿಲ್ಲ. ದಿನೇಶನಿಗೆ ಒಳ್ಳೆಯದೇ ಅಲ್ವಾ?"

ಇನ್ನು ಹೇಳಬೇಕಾದವಳು ಶೈಲಾ. ಅವಳಿಗೆ ಹೇಳಬೇಕಾದವರು ನಾವು. ಜಗಳ ಶುರುವಾದದ್ದು ಇಲ್ಲಿ.

ಸರೋಜ ಹೇಳಿದಳು, "ಅವನಿಗೆ ಬೀಜ ಅಂತ ಗೊತ್ತಾಗಿತ್ತು. ನನ್ನ ಹಾರದ್ದು ಅಂತಲೂ ಗೊತ್ತಾಗಿತ್ತು. ನನಗೆ ನಾಚಿಕೆಯಾಗಬಾರದು ಅಂತ ಎಲುಬಿನ ಮಧ್ಯೆ ಅಡಗಿಸಿಟ್ಟ. ಎಷ್ಟು ಸೂಕ್ಷ್ಮ ನೋಡಿ!"

"ಅವನು ಅದನ್ನು ಚೀಪಿದ, ಸರೋಜ. ಎಲುಬು ಅಂತ ತಿಳಿದು ಚೀಪಿದ. ನಾನು ಕಣ್ಣಾರೆ ನೋಡಿದ್ದೇನೆ."

"ನೀವಾ? ನೀವು ಆವಾಗ ಲಿವರ್ ಪೀಸ್ ಹುಡುಕುತ್ತಿದ್ದಿರಿ."

ಇದೂ ನಿಜವಿರಬಹುದು. ನಾಲ್ಕು ದಿನಗಳಿಂದ ಆ ತಟ್ಟೆಯನ್ನು ಎಷ್ಟು ಸಲ ನೆನಪಿಸಿಕೊಂಡಿದ್ದೇನೆಂದರೆ, ಒಮ್ಮೆ ಚೀಪುತ್ತಾನೆ, ಒಮ್ಮೆ ಅಡಗಿಸುತ್ತಾನೆ. ನೋಡಿದ್ದು ಯಾವುದು, ನಾನೇ ಕಟ್ಟಿದ್ದು ಯಾವುದು? ನಾಜೂಕಿನವನೋ, ಪೆದ್ದನೋ? ಒಂದು ಹೆಣ್ಣಿನ ಬಾಳಿನ ಪ್ರಶ್ನೆಗೆ ಸಾಕ್ಷಿ ಹೇಳಬೇಕಾದವನು ಲಿವರ್ ಹುಡುಕುತ್ತಿದ್ದನೇ?

ಮಂಗಳವಾರ ಸಂಜೆ ಊರಿಗೆ ಫೋನ್ ಮಾಡುವ ಕಾರ್ಡ್ ಹಿಡಿದು ಬೂತಿಗೆ ಹೋದೆವು. ಸರೋಜ ತನ್ನ ಕಥೆ ಹೇಳಿ ರಿಸೀವರ್ ನನ್ನ ಕೈಗೆ ಕೊಟ್ಟಳು. ಕೊಡುವಾಗ ಕಣ್ಣಲ್ಲೇ ಎಚ್ಚರಿಕೆ.

"ಭಾವ, ಅಕ್ಕ ಹೇಳಿದ್ದು ಹೌದಾ? ಬೇಕಂತಲೇ ಅಡಗಿಸಿಟ್ಟರಾ?"

ಹೌದು ಎಂದುಬಿಡಬಹುದಿತ್ತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರೇ ಲೈಸೆನ್ಸ್ ಕೊಟ್ಟಿದ್ದಾರೆ. ಆದರೆ ಕೇಳುತ್ತಿದ್ದ ದನಿಯಲ್ಲಿ ಎಷ್ಟು ಆಸೆಯಿತ್ತೋ ಅಷ್ಟೇ ಭಯವಿತ್ತು.

"ನನಗೆ ಖಾತ್ರಿಯಿಲ್ಲ ಶೈಲಾ. ಎಲುಬು ಅಂತ ತಿಳಿದು ಚೀಪಿದ ಹಾಗೆಯೂ ನೆನಪು."

ಸರೋಜ ನನ್ನನ್ನು ನೋಡಿದ ರೀತಿಯನ್ನು ಅಚ್ಚು ಹಾಕುವ ಹಾಗಿಲ್ಲ. ಆಮೇಲೆ ಉಡುಪಿಯಿಂದ ಒಂದು ನಗು ಕೇಳಿಸಿತು.

"ಗೊತ್ತಾಗದೆ ಚೀಪಿದ್ರೂ ಅಡ್ಡಿಯಿಲ್ಲ ಭಾವ. ಇದೆಂತ ಅಡುಗೆ ಅಂತ ಗಲಾಟೆ ಮಾಡ್ಲಿಲ್ಲ ಅಲ್ವಾ? ಆಗಬಹುದು ಅಂತ ಹೇಳಿ."

ಮನೆಗೆ ನಡೆಯುವಾಗ ಸರೋಜಳ ಸಿಟ್ಟು ಇಳಿದಿತ್ತು. ಕೈಯನ್ನು ನನ್ನ ತೋಳಿಗೆ ಸೇರಿಸಿದಳು. ನನಗೆ ಮಾತ್ರ ಹೊಸದೊಂದು ಸಂಶಯ ಹತ್ತಿಕೊಂಡಿತು. ಸರೋಜಳನ್ನು ನೋಡಲು ಅವಳ ಮನೆಗೆ ಹೋಗಿದ್ದ ದಿನ, ನಾನು ಹೊಗಳಿ ಹೊಗಳಿ ತಿಂದೆನಲ್ಲ, ಆ ತಟ್ಟೆಗೆ ಈ ಅಕ್ಕ ತಂಗಿಯರು ಏನು ಹಾಕಿದ್ದರು?