ಕ್ಯಾಂಪಿನ ಒಳಗಿನ ಕೆಲಸ

"ಯುದ್ಧಕ್ಕೆ ಎಂತ ಕಾನೂನು ಮಾರಾಯ್ರೆ?" ಎಂದು ಪುತ್ತೂರಿನ ಬಸ್ಸಿನಲ್ಲಿ ನಗುವವರಿಗೆ ಉತ್ತರ ಕೊಟ್ಟು ನನಗೆ ಸಾಕಾಗಿದೆ. ಕಾನೂನು ಇದೆ. ಅದನ್ನು ಓದುವುದರಲ್ಲಿ, ಪಾಠ ಮಾಡುವುದರಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಸಿಕ್ಕಿದ ಲಾಭ ಒಂದೇ: ಗಲ್ಫಿನಲ್ಲಿ ಕ್ಷಿಪಣಿ ಬಿತ್ತೆಂದು ಟಿ.ವಿ.ಯಲ್ಲಿ ಬಂದರೆ ಬೇರೆಯವರಿಗಿಂತ ಹೆಚ್ಚು ಹೆದರುತ್ತೇನೆ.

ನನ್ನ ತಮ್ಮ ಅಲ್ಲಿನ ಬೇಕರಿಯೊಂದರ ವ್ಯಾನ್ ಓಡಿಸುತ್ತಾನೆ. ಅಲ್ಲಿ ಕ್ಷಿಪಣಿ ಬಿದ್ದ ಆ ವಾರವೆಲ್ಲ ಕೆದಂಬಾಡಿಯ ಮನೆಯಲ್ಲಿ ಉಮ್ಮನ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ. ಶುಕ್ರವಾರ ನಾನು ಹೋದಾಗ ಮಾತ್ರ ಅವರ ಮುಖ ಅರಳಿತ್ತು. ತಮ್ಮ ಫೋನಿನಲ್ಲಿದ್ದ.

"ಅವನಿಗೆ ಈಗ ಮಿಲಿಟರಿ ಕ್ಯಾಂಪಿಗೆ ಬ್ರೆಡ್ಡು ಕೊಂಡೋಗುವ ಕೆಲಸ ಅಂತೆ. ಮಲಗುದು ಕೂಡ ಕ್ಯಾಂಪಿನ ಒಳಗೇ. ಸುತ್ತ ಕೋವಿ ಹಿಡಿದವರು ಕಾವಲಿಗೆ ಉಂಟು. ಇನ್ನು ನಂಗೆ ಹೆದರಿಕೆ ಇಲ್ಲ," ಎಂದರು.

ಬ್ರೆಡ್ಡು ಒಯ್ಯುವವನು ಸೈನಿಕನಲ್ಲ, ಅವನನ್ನು ಗುರಿಯಿಟ್ಟು ಹೊಡೆಯುವಂತಿಲ್ಲ. ಆದರೆ ಯುದ್ಧದಲ್ಲಿ ಕ್ಯಾಂಪಿಗೆ ಹೊಡೆಯಲು ಕಾನೂನೇ ಬಿಡುತ್ತದೆ. ಒಳಗಿದ್ದ ಡ್ರೈವರ್ ಸತ್ತರೆ, ಸೇನೆಗೆ ಸಿಕ್ಕ ಲಾಭಕ್ಕೆ ಹೋಲಿಸಿದರೆ ಹಾನಿ ಅತಿಯಾಗಲಿಲ್ಲ ಎಂದು ಬರೆದು ಮುಗಿಸಬಹುದು. ಪ್ರತಿ ವರ್ಷ ನಾನೇ ಬೋರ್ಡಿನ ಮೇಲೆ ಕ್ಯಾಂಪಿನ ಚಿತ್ರ ಬರೆದು ಇದನ್ನು ಕಲಿಸುತ್ತೇನೆ. ಆ ಬೇಲಿಯೊಳಗೆ ತಮ್ಮನನ್ನು ಮಲಗಿಸಿ ನೋಡಿರಲಿಲ್ಲ.

"ಆ ಮಿಲಿಟರಿಯವರನ್ನು ಬಿಟ್ಟು ಎಲ್ಲಿಗೂ ಹೋಗ್ಬೇಡ ಮಗಾ," ಎಂದು ಅವನಿಗೆ ಹೇಳಿ, ಉಮ್ಮ ಫೋನನ್ನು ನನ್ನ ಕೈಗೆ ಕೊಟ್ಟರು.

"ನೀನೂ ಅದನ್ನೇ ಹೇಳು. ನೀನು ಕಾನೂನು ಕಲಿತವ, ನಿನ್ನ ಮಾತಾದ್ರೆ ಕೇಳ್ತಾನೆ."